ಚಾರ್ಜ್ ಆಗದ ಪೊರಕೆ

ಭಾನುವಾರ ಬೆಳಿಗ್ಗೆ ಹಾಸನದ ನಮ್ಮ ಆಫೀಸಿನ ಬಾಗಿಲು ತೆಗೆಯುತ್ತಿದ್ದ ಹಾಗೇ ಹೊಳೆನರಸೀಪುರದಿಂದ ಫೋನು ಬಂತು. ನಾನು ಮಾರಿದ ಯಂತ್ರ ಮತ್ತೆ ಸತ್ತಿದೆಯಂತೆ. ಯಂತ್ರಗಳು ಎಂದು ಹೇಳಿಕೊಳ್ಳುವ ಯೋಗ ನನಗಿನ್ನೂ ಬಂದಿರಲಿಲ್ಲ. ಹಾಸನ, ಚನ್ನರಾಯಪಟ್ಟಣ, ಹೊಳೆನರಸೀಪುರ ಅಂತ ಬೀದಿ ಬೀದಿ ಅಲೆದು, ನಾಯಿಗಳ ಕೈಲಿ ಅಟ್ಟಿಸಿಕೊಂಡು, ಕೊನೆಗೂ ಮಾರಿದ್ದು ಅದೊಂದೇ. ವೈರಿಲ್ಲದ ವ್ಯಾಕ್ಯೂಮ್ ಕ್ಲೀನರ್. ಗೋಡೆಗೆ ಹೊಡೆದ ಸ್ಟ್ಯಾಂಡಿಗೆ ನೇತುಹಾಕಿದರೆ ರಾತ್ರಿಯೆಲ್ಲ ಕರೆಂಟು ಕುಡಿಯುತ್ತದೆ. ಬೆಳಿಗ್ಗೆ ಅದನ್ನು ಕೈಲಿ ಹಿಡಿದು ಮನೆಯೆಲ್ಲ ಓಡಾಡಿ ಧೂಳು ಹೀರಿಸಬಹುದು. ಎರಡು ಸಾವಿರದ ಇಸವಿ ಆಗಷ್ಟೇ ಕಳೆದಿತ್ತು. ನಮ್ಮ ಕಡೆ ಅಂಥದ್ದನ್ನು ಕಣ್ಣಲ್ಲಿ ಕಂಡವರೇ ಕಡಿಮೆ.

ಫೋನಿಟ್ಟ ಮ್ಯಾನೇಜರ್ ಆತ್ರೇಯ ಸಾರ್ ನನ್ನನ್ನು ಒಳಗೆ ಕರೆದರು.

"ರವೀಂದ್ರ, ಹೋಗಿ ಅದೇನು ಅಂತ ನೋಡಿ ಸರಿ ಮಾಡ್ಕೊಂಡು ಬಾ. ಆಗಲಿಲ್ಲ ಅಂದ್ರೆ ಮಷೀನ್ ವಾಪಸ್ ತಗೊಂಡು ಬಾ."

"ವಾಪಸ್ ತಂದ್ರೆ ಸಾ?"

"ತಂದ್ರೆ ನಿನ್ನ ಹೆಸರಲ್ಲಿ ಒಂದು ಸೇಲೂ ಇಲ್ಲ ಅಂತಾಯ್ತು. ಟ್ರೈನಿಂಗ್ ಈ ತಿಂಗಳಿಗೆ ಮುಗಿಯುತ್ತೆ. ಸೇಲ್ ಇಲ್ಲದೋರನ್ನ ಇಟ್ಕೊಳ್ಳೋಕೆ ಇದೇನು ನಿಮ್ಮಪ್ಪನ ಹೊಲವೇನಪ್ಪಾ?"

ಅವರ ಮೇಜನ್ನು ಹಾಗೇ ಎತ್ತಿ ಮಗುಚಿ ಹಾಕುವಷ್ಟು ಸಿಟ್ಟು ಬಂತು. ಹಾಕಲಿಲ್ಲ. ಯಾಕೆಂದರೆ ಮೇಜು ಮಗುಚಿದ ಮೇಲೆ ನಾನು ಹೋಗಬೇಕಾದ ಜಾಗ ನಮ್ಮಪ್ಪನ ಹೊಲವೇ ಆಗಿತ್ತು.

ಆ ಹೊಲ ಇರುವುದು ಅರಕಲಗೂಡಿನಿಂದ ಆಚೆ. ಹೊಗೆಸೊಪ್ಪು ಬೆಳೆಯುತ್ತೇವೆ. ಒಂಬತ್ತನೇ ಕ್ಲಾಸಿನಲ್ಲಿ ಲೆಕ್ಕದ ಮೇಷ್ಟ್ರ ಜೊತೆ ಜಗಳ ಆಡಿ ಸ್ಕೂಲು ಬಿಟ್ಟವನು ನಾನು. ಆಮೇಲಿನ ವರ್ಷಗಳೆಲ್ಲ ಸೊಪ್ಪು ಕುಯ್ಯುವುದು, ಕೋಲಿಗೆ ಕಟ್ಟುವುದು, ಸೊಪ್ಪು ಹದ ಮಾಡುವ ಬ್ಯಾರನ್ನಿನ ಒಲೆಗೆ ಸೌದೆ ಒಟ್ಟುತ್ತಾ ಹೊಗೆ ಕುಡಿಯುವುದು, ಇದರಲ್ಲೇ ಕಳೆದವು. ಮನೆ ಮನೆ ತಿರುಗಿ ಯಂತ್ರ ಮಾರುವ ಕೆಲಸ ಸಿಕ್ಕಿದೆ, ಟೈ ಕಟ್ಟಿಕೊಂಡು ಹೋಗಬೇಕು ಅಂತ ಹೇಳಿದ ದಿನ ನಮ್ಮಪ್ಪ ರಾಮಣ್ಣ ಜಗಲಿ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ.

"ಕಸ ಗುಡ್ಸಕ್ಕೆ ಟೈ ಕಟ್ಕಂಡು ಆಸನಕ್ಕೆ ಓಗ್ಬೇಕೇನ್ಲಾ? ಕೊಟ್ಟಿಗೇಲೇ ಬೇಕಾದಷ್ಟು ಬಿದ್ದದೆ. ಟೈ ಕಟ್ಕಂಡೇ ಗುಡ್ಸು ಬಾ."

ಕೆಲಸ ಖಾಯಂ ಆದ ಮೇಲೇ ಈ ಹೊಸ್ತಿಲು ತುಳಿಯೋದು ಅಂತ ನಾನು ಹೇಳಿ ಬಂದಿದ್ದೆ. ನಮ್ಮವ್ವ ಕಾಮಾಕ್ಷಮ್ಮ ಬಸ್ಸು ಹತ್ತುವ ತನಕ ಹಿಂದೆ ಬಂದು, "ಸಿಟ್ಟು ಮಾಡ್ಕಬ್ಯಾಡ ಕಣ, ಅಪ್ಪ ತಮಾಸೆಗೆ ಅಂದ್ರು" ಎಂದಿದ್ದಳು. ತಮಾಷೆಗೇ ಇರಬಹುದು. ಈಗ ನಾನು ವಾಪಸ್ ಹೋದರೆ ಅಪ್ಪ ಏನೂ ಅನ್ನುವುದಿಲ್ಲ. ಸುಮ್ಮನೆ ಬ್ಯಾರನ್ನಿನ ಕಡೆ ಕೈ ತೋರಿಸುತ್ತಾನೆ. ಅದನ್ನು ನೆನೆದರೇ ಮೈ ಉರಿಯುತ್ತಿತ್ತು.

ಬಸ್ಸಿನಲ್ಲಿ ಸೀಟು ಸಿಗಲಿಲ್ಲ. ನನ್ನ ಚೀಲದಲ್ಲಿ ಜನರಿಗೆ ತೋರಿಸಲಿಕ್ಕೆ ಅಂತ ಕೊಟ್ಟ ಇನ್ನೊಂದು ಅಂಥದೇ ಯಂತ್ರ ಇತ್ತು. ಅದರ ಕೊಳವೆ ಹಿಂದೆ ನಿಂತಿದ್ದವರ ಬೆನ್ನಿಗೆ ಚುಚ್ಚುತ್ತಿತ್ತು. "ಏನ್ರೀ ಅದು, ಬಂದೂಕಾ?" ಅಂತ ಕಂಡಕ್ಟರು ಕೇಳಿದ. ನಾನು ಚೀಲವನ್ನು ಇನ್ನೊಂದು ಹೆಗಲಿಗೆ ಬದಲಾಯಿಸಿದೆ. ಮೊಸಳೆ ಅನ್ನುವ ಊರಿನ ಹತ್ತಿರ ಒಂದಷ್ಟು ಜನ ಇಳಿದರು, ಇಳಿದವರಿಗಿಂತ ಜಾಸ್ತಿ ಜನ ಹತ್ತಿದರು. ದಾರಿಯುದ್ದಕ್ಕೂ ನಾನು ಆತ್ರೇಯ ಸಾರ್ ಜೊತೆ, ಅಪ್ಪನ ಜೊತೆ, ಆ ಕಂಡಕ್ಟರ್ ಜೊತೆ, ನನ್ನ ಕುತ್ತಿಗೆಯ ಟೈ ಜೊತೆ ಒಳಗೊಳಗೇ ಜಗಳ ಆಡಿದೆ. ಎಲ್ಲ ಜಗಳದಲ್ಲೂ ನಾನೇ ಗೆದ್ದೆ.

ಹೊಳೆನರಸೀಪುರದಲ್ಲಿ ನನ್ನ ಯಂತ್ರ ಕೊಂಡವರು ತಿರುನಾರಾಯಣ ಅಂತ. ದೇವಸ್ಥಾನದ ಬೀದಿಯ ಅಯ್ಯಂಗಾರರು, ಹೈಸ್ಕೂಲಿನಲ್ಲಿ ಸಂಸ್ಕೃತ ಪಾಠ ಮಾಡುವವರು. ಹೆಂಡತಿ ಆರತಿ ಹಾಸನದಲ್ಲಿ ಬ್ಯಾಂಕಿನ ಕೆಲಸಕ್ಕೆ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಾರೆ. ಮನೆಯಲ್ಲಿ ಮೂರನೆಯವರು ತಿರುನಾರಾಯಣರ ತಾಯಿ, ಕನಕಲಕ್ಷ್ಮಮ್ಮ.

ಮಾರಿದ ದಿನದ ಕತೆಯೇ ಬೇರೆ. ಯಾರದೇ ಮನೆಗೆ ಹೋದರೂ ಮೊದಲು ಅವರ ಹಾಸಿಗೆಯಿಂದ ಧೂಳು ತೆಗೆದು, ಬಿಳಿ ಬಟ್ಟೆಯ ಮೇಲೆ ಸುರಿದು, "ನೋಡಿ, ನೀವು ಇಷ್ಟು ದಿನ ಮಲಗಿದ್ದು ಇದರ ಮೇಲೆ" ಅನ್ನಬೇಕು ಅಂತ ನಮಗೆ ಕಲಿಸಿದ್ದರು. ಅವರು ನಾಚಿಕೊಂಡು ಕೊಳ್ಳುತ್ತಾರಂತೆ. ನಾನು ಇಲ್ಲೂ ಹಾಗೇ ಮಾಡಿದೆ. ಕನಕಲಕ್ಷ್ಮಮ್ಮ ಬಗ್ಗಿ ಬಟ್ಟೆ ನೋಡಿದರು. ಆಮೇಲೆ ನನ್ನ ಬೂಟು ನೋಡಿದರು.

"ಇದು ನಮ್ಮ ಮನೆ ಧೂಳಲ್ಲವೋ ಹುಡುಗಾ. ನೀನು ಬಸ್‌ಸ್ಟ್ಯಾಂಡಿಂದ ತಂದದ್ದು. ನಿನ್ನ ಧೂಳು ನೀನೇ ತಂದು, ನೀನೇ ತೆಗೆದು, ನಮಗೆ ಮಾರ್ತೀಯಾ?"

ಆರತಿ ನಗಲು ಶುರುಮಾಡಿದವರು ನಿಲ್ಲಿಸಲೇ ಇಲ್ಲ. ಆ ನಗುವಿನ ಮಧ್ಯೆಯೇ ಕೊಂಡರು. ಆವತ್ತು ನಾನೇ ಗೋಡೆಗೆ ತೂತು ಕೊರೆದು, ನಡುಮನೆಯಿಂದ ಹಿತ್ತಲಿಗೆ ಹೋಗುವ ಓಣಿಯಂಥ ಜಾಗದಲ್ಲಿ, ಉಗ್ರಾಣದ ಬಾಗಿಲ ಪಕ್ಕಕ್ಕೆ ಸ್ಟ್ಯಾಂಡು ಕೂರಿಸಿ ಬಂದಿದ್ದೆ.

ಈ ಸಲ ಆರತಿ ನಗುತ್ತಿರಲಿಲ್ಲ. ಬಾಗಿಲಲ್ಲೇ ನಿಂತಿದ್ದರು.

"ಬಂದ್ಯಾಪ್ಪಾ? ನೋಡು ನಿನ್ನ ಯಂತ್ರದ ಚಂದ. ದಿನಾ ಬೆಳಿಗ್ಗೆ ಬಸ್ಸಿಗೆ ಮುಂಚೆ ಕೈಗೆ ತಗೋತೀನಿ. ಗುರ್ ಅನ್ನತ್ತೆ, ಒಂದು ಮೂಲೆ ಮುಗಿಯೋದರೊಳಗೆ ನಿಟ್ಟುಸಿರು ಬಿಟ್ಟು ನಿಂತುಬಿಡತ್ತೆ. ನಮ್ಮ ಬ್ಯಾಂಕಿನ ಹೆಡ್ ಕ್ಲರ್ಕ್ ಇದಕ್ಕಿಂತ ಜಾಸ್ತಿ ಹೊತ್ತು ಕೆಲಸ ಮಾಡ್ತಾರೆ."

"ರಾತ್ರಿ ಸ್ಟ್ಯಾಂಡ್‌ಗೆ ಆಕಿರ್ತೀರಾ ಮೇಡಮ್?"

"ಬೆಳಿಗ್ಗೆ ಮುಗಿದ ಕೂಡಲೇ ನನ್ನ ಕೈಯಾರೆ ಹಾಕ್ತೀನಿ. ಮಾರನೇ ದಿನ ಮಹಡಿಯಿಂದ ಇಳಿದು ಬಂದಾಗ ಅಲ್ಲೇ ನೇತಾಡ್ತಾ ಇರತ್ತೆ. ನಾನೇನು ಅದನ್ನ ಜೊತೆಗೆ ಬಸ್ಸಲ್ಲಿ ಕರ್ಕೊಂಡು ಹೋಗ್ತೀನಾ?"

"ಸ್ವಿಚ್ಚು?"

"ಸ್ವಿಚ್ಚನ್ನ ಯಾರೂ ಮುಟ್ಟಲ್ಲ" ಎಂದರು ಒಳಗಿನಿಂದ ಬಂದ ತಿರುನಾರಾಯಣ. "ಮುಟ್ಟಬಾರದು ಅಂತ ಅದರ ಮೇಲೆ ನಾನೇ ಪ್ಲಾಸ್ಟರ್ ಅಂಟಿಸಿದೀನಿ. ನನಗನ್ನಿಸತ್ತೆ, ದೋಷ ಇರೋದು ನಮ್ಮೂರಿನ ವೋಲ್ಟೇಜಿನಲ್ಲಿ. ಇಲ್ಲಿ ಬಲ್ಬೇ ಅರಿಶಿನದ ಬಣ್ಣಕ್ಕೆ ಉರಿಯತ್ತೆ. ಇನ್ನು ಈ ಪ್ರಾಣಿ ಏನು ಕುಡಿದೀತು?"

ಅವರ ಹಿಂದೆ ಕನಕಲಕ್ಷ್ಮಮ್ಮ ಏನೋ ಹೇಳಲು ಬಾಯಿ ತೆರೆದರು. ತಿರುನಾರಾಯಣ ತಮ್ಮ ತಮಿಳು ಬೆರೆತ ಮಾತಿನಲ್ಲಿ ಅವರಿಗೆ ಏನೋ ಅಂದರು. ಇದು ಕರೆಂಟಿನ ವಿಷಯ, ನೀನು ಸುಮ್ಮನಿರು ಅಂತ ಇರಬೇಕು. ಅಜ್ಜಿ ಸುಮ್ಮನೆ ಹೋಗಿ ಹೂ ಕಟ್ಟುತ್ತಾ ಕೂತರು.

ನಾನು ಓಣಿಯಲ್ಲಿ ಚಕ್ಕಂಬಕ್ಕಳ ಹಾಕಿ ಕೂತು ಕೆಲಸ ಶುರುಮಾಡಿದೆ. ಮೊದಲು ಪ್ಲಗ್ ಪಾಯಿಂಟು. ಅದಕ್ಕೆ ಅಡುಗೆಮನೆಯ ಮಿಕ್ಸಿ ತಂದು ಸಿಕ್ಕಿಸಿದೆ, ತಿರುಗಿತು. ಪಾಯಿಂಟು ಸರಿಯಾಗಿದೆ. ಆಮೇಲೆ ಸ್ಟ್ಯಾಂಡು. ಯಂತ್ರವನ್ನು ನೇತುಹಾಕಿದರೆ ಅದರ ತೂಕಕ್ಕೆ ಕೆಳಗಿನ ಎರಡು ತಗಡುಗಳು ಸ್ಟ್ಯಾಂಡಿನ ಪಿನ್ನುಗಳ ಮೇಲೆ ಒತ್ತಿ ಕೂರುತ್ತವೆ, ಕೂತರೆ ಒಂದು ಕೆಂಪು ಲೈಟು ಹತ್ತುತ್ತದೆ. ಹತ್ತಿತು. ಆದರೂ ಪಿನ್ನುಗಳನ್ನು ಒರೆಸಿದೆ, ಉಪ್ಪು ಕಾಗದ ಹಾಕಿ ಉಜ್ಜಿದೆ. ಬ್ಯಾಂಕಿನ ಆಡಿಟರು ನೋಡುವ ಹಾಗೆ ಆರತಿ ಸೊಂಟದ ಮೇಲೆ ಕೈ ಇಟ್ಟು ನೋಡುತ್ತಿದ್ದರು.

"ಬ್ಯಾಟ್ರಿನೇ ಕೆಟ್ಟಿರಬೇಕು ಮೇಡಮ್" ಎಂದೆ.

ನನ್ನ ಚೀಲದ ಯಂತ್ರದಿಂದ ಬ್ಯಾಟರಿ ತೆಗೆದು ಇವರದಕ್ಕೆ ಹಾಕಿದೆ. ಗುಂಡಿ ಒತ್ತಿದೆ. ಅದು ಹೂಂಕರಿಸಿದ ರಭಸಕ್ಕೆ ಅಜ್ಜಿ ಕಟ್ಟುತ್ತಿದ್ದ ಕನಕಾಂಬರದ ಅರ್ಧ ರಾಶಿ ಎಳೆದುಕೊಂಡಿತು.

"ಅಯ್ಯೋ ಹೊಟ್ಟೆಬಾಕ" ಎಂದರು ಅಜ್ಜಿ. ಬೈದಿದ್ದಲ್ಲ, ಮೊಮ್ಮಗನಿಗೆ ಅನ್ನುವ ಹಾಗೆ.

ನನಗೆ ಜೀವ ಬಂತು. ಬ್ಯಾಟರಿ ಕೆಟ್ಟಿದ್ದರೆ ನನ್ನ ತಪ್ಪೂ ಇಲ್ಲ, ಯಂತ್ರದ ತಪ್ಪೂ ಇಲ್ಲ, ಕಂಪನಿ ಬೇರೆ ಬ್ಯಾಟರಿ ಕೊಡುತ್ತದೆ. ಆದರೆ ಕೆಟ್ಟಿದೆ ಅಂತ ಆತ್ರೇಯ ಸಾರ್ ಮುಂದೆ ಇಡಬೇಕಾದರೆ ಚಾರ್ಜು ಹಾಕಿ ನೋಡಿದ್ದೆ ಅನ್ನಬೇಕು. ಕೆಟ್ಟ ಬ್ಯಾಟರಿಯನ್ನು ಯಂತ್ರಕ್ಕೆ ಹಾಕಿ ಮತ್ತೆ ಗೋಡೆಗೆ ನೇತುಹಾಕಿದೆ. ಕೆಂಪು ಲೈಟು ಹತ್ತಿತು. ಸಂಜೆ ತನಕ ಕಾಯುವುದು ಅಂತಾಯಿತು.

ಬೇರೆ ದಿನವಾಗಿದ್ದರೆ ಬೆಳಿಗ್ಗೆ ಆರತಿ ಬಸ್ಸು ಹತ್ತುವ ಹೊತ್ತಿಗೆ ಕರೆಂಟು ಹೋದರೆ ಬರುವುದು ಸಂಜೆಗೆ. ಆವತ್ತು ಭಾನುವಾರ ಅಂತಲೋ ಏನೋ, ಹೋಗಲಿಲ್ಲ.

ಊಟದ ಹೊತ್ತಿಗೆ ಜಗಲಿಯಲ್ಲಿ ಎಲೆ ಹಾಕಿದರು. ಒಳಗೆ ಕರೆಯಲಿಲ್ಲ ಅನ್ನುವುದಕ್ಕೆ ನನಗೊಂದು ಸಿಟ್ಟು ತಯಾರಾಗಿಯೇ ಇತ್ತು. ಅದನ್ನು ಇನ್ನೂ ಹೊರಗೆ ತೆಗೆದಿರಲಿಲ್ಲ, ಅಷ್ಟರಲ್ಲಿ ಕನಕಲಕ್ಷ್ಮಮ್ಮ ಬಂದು ಹೊಸ್ತಿಲ ಆಚೆ ಕೂತು ಕಾಲು ಚಾಚಿಕೊಂಡರು. ಪುಳಿಯೋಗರೆ ಬಡಿಸಿದ್ದು ಸಾಲದು ಅಂತ ಮತ್ತೆ ಮತ್ತೆ ಬಡಿಸಿದರು.

"ಯಾವೂರೋ ನಿಂದು?"

"ಅರಕಲಗೂಡು ಕಡೆ ಅಜ್ಜಮ್ಮ."

"ಮುಖ ಯಾಕೆ ಹಾಗೆ ಇಟ್ಕೊಂಡಿದೀಯಾ? ಯಾರ ಮೇಲೆ ಕೋಪ?"

"ಯಾರ ಮ್ಯಾಲೂ ಇಲ್ಲ."

"ಅಷ್ಟೊಂದು ಜನರ ಮೇಲಾ?" ಎಂದರು. ಅನ್ನ ನೆತ್ತಿಗೆ ಹತ್ತಿತು.

ಕೆಮ್ಮು ನಿಂತ ಮೇಲೆ, ಅದು ಹೇಗಾಯಿತೋ ಗೊತ್ತಿಲ್ಲ, ಎಲ್ಲ ಹೇಳಿಬಿಟ್ಟೆ. ಈ ಯಂತ್ರ ವಾಪಸ್ ಹೋದರೆ ನನ್ನ ಕೆಲಸ ಹೋಗುತ್ತದೆ, ಕೆಲಸ ಹೋದರೆ ಅಪ್ಪನ ಮುಂದೆ ಹೋಗಿ ನಿಲ್ಲಬೇಕು. ಅವರು ಎಲ್ಲ ಕೇಳಿ, "ವಾಪಸ್ ಹೋಗೋದು ನನಗೂ ಬೇಡವೋ" ಎಂದರು. "ಅದು ಬಂದ ಮೇಲೆ ಮಂಚದ ಕೆಳಗೆ ಬಗ್ಗಿ ಗುಡಿಸೋದು ತಪ್ಪಿದೆ. ಇವಳು ಕಾಲು ಭಾಗ ಗುಡಿಸಿ ಬಿಟ್ಟರೂ ಮಂಚದ ಕೆಳಗಂತೂ ಮೊದಲು ಮಾಡಿಕೊಡ್ತಾಳೆ. ನನ್ನ ಸೊಂಟಕ್ಕೆ ಗೊತ್ತು ಅದರ ಬೆಲೆ."

ಮಧ್ಯಾಹ್ನ ಕಳೆದು ಬಿಸಿಲು ಹಿತ್ತಲಿಗೆ ಇಳಿಯಿತು. ಯಂತ್ರವನ್ನು ಗೋಡೆಯಿಂದ ತೆಗೆದು, ಬ್ಯಾಟರಿ ಕೆಟ್ಟೇ ಇರುತ್ತದೆ ಅಂತ ನಂಬಿ, ಗುಂಡಿ ಒತ್ತಿದೆ.

ಅದು ಹೂಂಕರಿಸಿತು. ನಿಲ್ಲಿಸದೆ ಓಣಿ ಗುಡಿಸಿದೆ, ನಡುಮನೆ ಗುಡಿಸಿದೆ, ಮಂಚದ ಕೆಳಗೆ ನುಗ್ಗಿಸಿದೆ, ತಿರುನಾರಾಯಣರ ಪುಸ್ತಕದ ಕಪಾಟಿನ ತಲೆ ಮೇಲೆ ಹಾಯಿಸಿದೆ. ಯಂತ್ರ ನಿಲ್ಲಲೇ ಇಲ್ಲ. ಕೊನೆಗೆ ನಾನೇ ಆರಿಸಿ ನೇತುಹಾಕಿದೆ.

"ಸರಿಯಾಯ್ತಲ್ಲ" ಎಂದರು ತಿರುನಾರಾಯಣ ಖುಷಿಯಿಂದ. "ಏನಾಗಿತ್ತಂತೆ?"

"ಏನೂ ಆಗಿರ್ಲಿಲ್ಲ ಸಾ."

"ಮತ್ತೆ ಸರಿ ಹೇಗಾಯ್ತು?"

"ಸರಿಯಾಗೇ ಐತೆ ಸಾ. ಪಾಯಿಂಟು ಸರಿಗೈತೆ, ಸ್ಟ್ಯಾಂಡು ಸರಿಗೈತೆ, ಬ್ಯಾಟ್ರಿ ಸರಿಗೈತೆ."

"ಹಾಗಾದರೆ ನಾಳೆ ಬೆಳಿಗ್ಗೆಯೂ ಹೀಗೇ ಓಡತ್ತಾ?" ಎಂದು ಆರತಿ ಕೇಳಿದರು.

ಕಷ್ಟ ಇದ್ದದ್ದೇ ಅಲ್ಲಿ. ಕೆಟ್ಟಿದ್ದರೆ ರಿಪೇರಿ ಮಾಡಬಹುದು. ಕೆಡದೇ ಇರುವುದನ್ನು ಯಾವನು ರಿಪೇರಿ ಮಾಡುತ್ತಾನೆ? ನಾನು ಎದುರಿಗಿದ್ದಾಗ ಚಿರತೆಯ ಹಾಗೆ ಓಡಿ, ನಾನು ಬಸ್ಸು ಹತ್ತಿದ ಮೇಲೆ ಮುದಿ ಎತ್ತಿನ ಹಾಗೆ ಕೂರುವ ಯಂತ್ರ ಅದು. ಆತ್ರೇಯ ಸಾರ್ ಮತ್ತು ಆ ಯಂತ್ರ ಸೇರಿ ನನ್ನನ್ನು ಅರಕಲಗೂಡಿಗೆ ಕಳಿಸಲು ಪಿತೂರಿ ಮಾಡಿದ್ದಾರೆ ಅಂತಲೇ ನನಗನ್ನಿಸಿತು. ಸ್ಕ್ರೂಡ್ರೈವರನ್ನು ನೆಲಕ್ಕೆ ಕುಕ್ಕಿದೆ.

"ನೆಲ ಏನು ಮಾಡ್ತು ನಿನಗೆ?" ಎಂದರು ಆರತಿ. ಆದರೂ ಹೋಗಿ ಕಾಫಿ ತಂದುಕೊಟ್ಟರು.

ಕಾಫಿ ಕುಡಿಯುತ್ತಾ ನಾವು ಮೂವರೂ ಓಣಿಯಲ್ಲೇ ಯಂತ್ರದ ಎದುರು ಕೂತು ಯೋಚಿಸುತ್ತಿದ್ದೆವು, ಕಾಯಿಲೆಯವರ ಮುಂದೆ ನೆಂಟರು ಕೂರುವ ಹಾಗೆ. ಅಷ್ಟು ಹೊತ್ತಿಗೆ ಸಂಜೆಯಾಯಿತು. ಸಾಮಾನ್ಯವಾಗಿ ಆ ಹೊತ್ತಿಗೆ ತಿರುನಾರಾಯಣ ದೇವಸ್ಥಾನದಲ್ಲಿ ಪಾರಾಯಣಕ್ಕೆ ಕೂತಿರುತ್ತಾರೆ, ಆರತಿ ಇನ್ನೂ ಬಸ್ಸಿನಲ್ಲಿರುತ್ತಾರೆ, ಭಾನುವಾರವಾದರೆ ಅವರೂ ದೇವಸ್ಥಾನದಲ್ಲಿರುತ್ತಾರೆ. ಆವತ್ತು ಇಬ್ಬರೂ ನನ್ನ ದೆಸೆಯಿಂದ ಮನೆಯಲ್ಲಿದ್ದರು.

ದೇವರ ಮನೆಯಲ್ಲಿ ಗಂಟೆಯ ಸದ್ದಾಯಿತು. ಕನಕಲಕ್ಷ್ಮಮ್ಮ ದೀಪ ಹಚ್ಚಿ, ಕೈ ಮುಗಿದು ಓಣಿಗೆ ಬಂದರು. ನಮ್ಮನ್ನು ದಾಟಿ ಹೋದರು. ಸ್ಟ್ಯಾಂಡಿನಿಂದ ಯಂತ್ರವನ್ನು ಎರಡೂ ಕೈಯಲ್ಲಿ ಇಳಿಸಿ, ಉಗ್ರಾಣದ ಬಾಗಿಲ ಹಿಂದೆ ನೆಲದ ಮೇಲೆ ಉದ್ದಕ್ಕೆ ಮಲಗಿಸಿ, ಅದರ ಮೂತಿಯನ್ನು ಗೋಡೆ ಕಡೆ ತಿರುಗಿಸಿ, ಬಾಗಿಲು ಎಳೆದುಕೊಂಡು ಅಡುಗೆಮನೆಗೆ ಹೊರಟರು.

ನಾನು ಅದನ್ನೆಲ್ಲ ಕಣ್ಣಾರೆ ನೋಡಿದೆ. ನೋಡಿಯೂ ಕಾಫಿ ಕುಡಿಯುತ್ತಲೇ ಇದ್ದೆ. ತಿರುನಾರಾಯಣರೂ ನೋಡಿದರು, ನೋಡಿ ವೋಲ್ಟೇಜಿನ ಮಾತು ಮುಂದುವರಿಸಿದರು. ಅಷ್ಟು ಸಹಜವಾಗಿತ್ತು ಅದು. ನಮ್ಮವ್ವ ದಿನಾ ಸಂಜೆ ಹಾಗೇ ಮಾಡುತ್ತಾಳೆ. ಬಾಯಿಯ ಹತ್ತಿರ ಬಂದ ಲೋಟ ಅಲ್ಲೇ ನಿಂತಿತು.

"ಅಜ್ಜಮ್ಮ" ಎಂದೆ. "ಅದ್ಯಾಕೆ ಇಳಿಸ್ಬುಟ್ರಿ?"

ಅವರು ತಿರುಗಿ ನೋಡಿದರು. "ದೀಪ ಹಚ್ಚಿ ಆಯ್ತಲ್ಲೋ."

"ಆದ್ರೆ?"

"ಆದ್ರೆ ಏನು, ನಿಮ್ಮ ಮನೇಲಿ ದೀಪ ಹಚ್ಚಿದ ಮೇಲೆ ಪೊರಕೆ ನಿಲ್ಲಿಸ್ತಾರಾ?"

ಆರತಿ ಮೆಲ್ಲಗೆ ಲೋಟ ಕೆಳಗಿಟ್ಟರು. "ಅಮ್ಮ, ದಿನಾ ಇಳಿಸ್ತೀರಾ ಇದನ್ನ?"

"ದಿನಾ ಅಲ್ಲದೆ? ಬೆಳಿಗ್ಗೆ ಎದ್ದು ಬಾಗಿಲು ಸಾರಿಸಿ ರಂಗೋಲಿ ಹಾಕಿದ ಮೇಲೆ ಮತ್ತೆ ಎತ್ತಿ ಹಾಕ್ತೀನಿ. ನಿನಗೆ ಅದು ಅಲ್ಲೇ ಇರಬೇಕು ಅಲ್ವಾ, ಅದಕ್ಕೆ."

ನಾನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಹಗಲಿಗೆ ಕರೆಂಟಿಲ್ಲ. ಕರೆಂಟು ಬರುವ ಹೊತ್ತಿಗೆ ಯಂತ್ರ ಬಾಗಿಲ ಹಿಂದೆ ಮಲಗಿರುತ್ತದೆ. ಬೆಳಿಗ್ಗೆ ಎದ್ದು ನೇತಾಡಿ ತೊಟ್ಟು ಕರೆಂಟು ಕುಡಿಯುವಷ್ಟರಲ್ಲಿ ಆರತಿ ಬಂದು ಎತ್ತಿಕೊಳ್ಳುತ್ತಾರೆ. ಪಾಪದ ಯಂತ್ರ ಹುಟ್ಟಿದಾಗಿನಿಂದ ಉಪವಾಸ. ಆರತಿ ನಗಲು ಶುರುಮಾಡಿ ಗೋಡೆಗೆ ಒರಗಿದರು, ಒರಗಿ ಜಾರಿ ನೆಲಕ್ಕೆ ಕೂತರು.

ತಿರುನಾರಾಯಣ ಮಾತ್ರ ನಗಲಿಲ್ಲ. "ಅಮ್ಮ, ಇದು ಪೊರಕೆ ಅಲ್ಲ. ಎಲೆಕ್ಟ್ರಿಕ್ ಯಂತ್ರ. ರಾತ್ರಿ ಅಲ್ಲೇ ನಿಂತಿರಬೇಕು, ಆಗಲೇ ಅದಕ್ಕೆ ಕರೆಂಟ್ ಏರೋದು."

"ಏನು ಮಾಡತ್ತೆ ಅದು?"

"ಧೂಳು ಹೀರತ್ತೆ."

"ಕಸ ತೆಗೆಯತ್ತೋ ಇಲ್ವೋ?"

"ತೆಗೆಯತ್ತೆ."

"ಮತ್ತೆ? ಎತ್ತಿನ ಗಾಡಿಯೂ ಗಾಡಿಯೇ, ಮೋಟಾರು ಗಾಡಿಯೂ ಗಾಡಿಯೇ. ದೀಪ ಉರಿಯೋ ಮನೇಲಿ ಪೊರಕೆ ಎದ್ದು ನಿಂತಿರೋದು ನನ್ನ ಕೈಲಿ ನೋಡಕ್ಕಾಗಲ್ಲ. ನಿದ್ದೆ ಬರಲ್ಲ ನನಗೆ. ನಿಂತೇ ಇರಬೇಕು ಅಂದ್ರೆ, ಬೇಡಪ್ಪ. ಒಳ್ಳೇ ವಸ್ತುವೇ. ಆದ್ರೂ ಬೇಡ."

ಕೊನೆಯ ಮಾತು ಹೇಳುವಾಗ ಅವರ ಮುಖ ಸಣ್ಣದಾಯಿತು. ತಿರುನಾರಾಯಣ ತಾಯಿಯ ಮುಖ ನೋಡಿದರು, ಬಾಗಿಲ ಕಡೆ ನೋಡಿದರು, ಆಮೇಲೆ ನನ್ನ ಕಡೆ ತಿರುಗಿದರು. ಅವರು ಏನು ಹೇಳುತ್ತಾರೆ ಅಂತ ಹೇಳುವ ಮುಂಚೆಯೇ ನನಗೆ ಗೊತ್ತಾಯಿತು.

"ತಪ್ಪು ತಿಳ್ಕೋಬೇಡಪ್ಪ ರವೀಂದ್ರ. ವಾಪಸ್ ತಗೊಂಡು ಹೋಗಿಬಿಡು."

ಬೆಳಿಗ್ಗೆಯಿಂದ ಕೂಡಿಟ್ಟ ಸಿಟ್ಟೆಲ್ಲ ಒಟ್ಟಿಗೆ ಎದ್ದು ಬಂತು. ಎದ್ದು ನಿಂತೆ. ಇಪ್ಪತ್ತೊಂದನೇ ಶತಮಾನ ಬಂದಿದೆ, ಹಾಸನದಲ್ಲಿ ಕೂತುಕೊಂಡು ಉಪಗ್ರಹ ಆಡಿಸುತ್ತಾರೆ, ನೀವಿಲ್ಲಿ ಪೊರಕೆ ಮಲಗಿಸುತ್ತಾ ಕೂತಿದ್ದೀರಿ ಅಂತ ಕೂಗಲು ಬಾಯಿ ತೆರೆದೆ. ತೆರೆದ ಬಾಯಿ ತೆರೆದೇ ಉಳಿಯಿತು. ಹಾಸನದ ನನ್ನ ಬಾಡಿಗೆ ರೂಮಿನಲ್ಲಿ, ಯಾರೂ ಹೇಳದೆ, ಯಾರೂ ನೋಡದೆ, ಸಂಜೆ ಲೈಟು ಹಾಕಿದ ಕೂಡಲೇ ನಾನು ಮಾಡುವ ಮೊದಲ ಕೆಲಸ ಮೂಲೆಯ ಪೊರಕೆಯನ್ನು ಕಾಲಲ್ಲಿ ಮುಟ್ಟದೆ ಬಗ್ಗಿ ಬಾಗಿಲ ಹಿಂದೆ ಮಲಗಿಸುವುದು. ಅಪ್ಪನ ಮೇಲೆ ಸಿಟ್ಟು ಮಾಡಿಕೊಂಡು ಮನೆ ಬಿಟ್ಟವನು, ದೇವರ ಮೇಲೂ ಸಿಟ್ಟು ಮಾಡಿಕೊಂಡವನು, ಪೊರಕೆಯನ್ನು ಮಾತ್ರ ಒಂದು ದಿನವೂ ನಿಲ್ಲಿಸಿರಲಿಲ್ಲ. ಈಗ ಯಾವ ಬಾಯಲ್ಲಿ ಈ ಮುದುಕಿಗೆ ಬುದ್ಧಿ ಹೇಳಲಿ?

"ಅಜ್ಜಮ್ಮ, ಮಲಗಿದ್ರೆ ಸರಿನಾ ನಿಮಗೆ?" ಎಂದೆ.

"ಮಲಗಿದ್ರೆ ನನ್ನದೇನು ತಕರಾರು?"

"ಕರೆಂಟ್ ಕುಡೀತಾ ಮಲಗಿದ್ರೆ?"

"ಮಲಗಿ ಕುಡಿದ್ರೆ ನೆತ್ತಿಗೆ ಹತ್ತತ್ತೆ. ಅದು ಅದರ ಪಾಡು."

ನೆಲಕ್ಕೆ ಕುಕ್ಕಿದ್ದ ಸ್ಕ್ರೂಡ್ರೈವರನ್ನು ಎತ್ತಿಕೊಂಡೆ. ಗೋಡೆಯ ಸ್ಟ್ಯಾಂಡು ಬಿಚ್ಚಿದೆ. ತಿರುನಾರಾಯಣ ಏನು ಎತ್ತ ಅಂತ ಕೇಳದೆ ಟಾರ್ಚು ಹಿಡಿದರು. ಸ್ಟ್ಯಾಂಡಿನ ವೈರು ಉಗ್ರಾಣದ ಬಾಗಿಲ ಹಿಂದಕ್ಕೆ ಸರಿಯಾಗಿ ಮುಟ್ಟಿತು. ನೆಲದ ಮೇಲೆ ಸ್ಟ್ಯಾಂಡು ಮಲಗಿಸಿ, ಅದರ ಎದೆ ಮೇಲೆ ಯಂತ್ರವನ್ನು ಮಲಗಿಸಿದೆ. ಕೆಂಪು ಲೈಟು ಹತ್ತಿತು. ಆರತಿ ಚಪ್ಪಾಳೆ ತಟ್ಟಿದರು. ತಟ್ಟುತ್ತಿದ್ದ ಹಾಗೇ ಆರಿತು.

"ಯಾಕೆ?" ಎಂದರು ತಿರುನಾರಾಯಣ.

"ನೇತಾಡೋವಾಗ ತೂಕಕ್ಕೆ ಪಿನ್ನು ಒತ್ತಿರ್ತದೆ ಸಾ. ಮಲಗ್ಸಿದ್ರೆ ತೂಕ ನೆಲಕ್ಕೆ ಓಯ್ತದೆ, ಪಿನ್ನಿಗೆ ಸಿಗಲ್ಲ."

ಕೈಯಲ್ಲಿ ಒತ್ತಿ ಹಿಡಿದರೆ ಹತ್ತುತ್ತಿತ್ತು, ಬಿಟ್ಟರೆ ಆರುತ್ತಿತ್ತು. ತಿರುನಾರಾಯಣ ಯಂತ್ರದ ಬಾಲಕ್ಕೆ, ಅಂದರೆ ಪಿನ್ನಿನ ಎದುರು ತುದಿಗೆ, ಒತ್ತಾಗಿ ದಪ್ಪನೆಯ ನಿಘಂಟು ಒಂದನ್ನು ತಂದಿಟ್ಟರು. ಹತ್ತಿತು. ನಿಘಂಟು ಜಾರಿತು, ಆರಿತು. ಇನ್ನೂ ದಪ್ಪದ್ದು ತಂದರು. ಅದೂ ಜಾರಿತು. "ಬ್ಯಾಂಕಿನಿಂದ ಹೆಡ್ ಕ್ಲರ್ಕನ್ನ ಕರೆಸಿ ಪಕ್ಕದಲ್ಲಿ ಕೂರಿಸೋಣ. ಅವರಂತೂ ಕೂತಲ್ಲಿಂದ ಜಾರಲ್ಲ" ಎಂದರು ಆರತಿ. ನಾನು ನೆಲದ ಮೇಲೆ ಹೊಟ್ಟೆ ಅಡಿಮಾಡಿ ಮಲಗಿ, ಟೈಯನ್ನು ಹೆಗಲ ಮೇಲಿಂದ ಬೆನ್ನಿಗೆ ಎಸೆದು, ಪಿನ್ನನ್ನೇ ಬಗ್ಗಿಸಲು ನೋಡುತ್ತಿದ್ದೆ.

"ಏಳೋ ಆಚೆ" ಎಂದರು ಕನಕಲಕ್ಷ್ಮಮ್ಮ.

ಅವರ ಕೈಯಲ್ಲಿ ಒಂದು ಸಿಂಬೆ ಇತ್ತು. ತಳ ದುಂಡಗಿರುವ ಪಾತ್ರೆ ಉರುಳದ ಹಾಗೆ ಕೆಳಗಿಡುವ, ಹಳೇ ಬಟ್ಟೆ ಸುತ್ತಿ ಮಾಡಿದ ಬಳೆ. ಮೊಣಕಾಲೂರಿ ಕೂತು, ಯಂತ್ರದ ಬಾಲವನ್ನು ಎತ್ತಿ ಅದರಡಿ ಸಿಂಬೆ ತಳ್ಳಿದರು. ಬಾಲ ಮೇಲಾಯಿತು, ಯಂತ್ರ ತಾನಾಗಿ ಪಿನ್ನಿನ ಕಡೆ ಜಾರಿ ಕಚ್ಚಿ ಕೂತಿತು. ಕೆಂಪು ಲೈಟು ಹತ್ತಿತು. ನಾವು ನಾಲ್ವರೂ ಉಸಿರು ಬಿಗಿಹಿಡಿದು ಅದನ್ನೇ ನೋಡುತ್ತಾ ಕೂತೆವು. ಆರಲಿಲ್ಲ. ನಾನು ಯಂತ್ರಕ್ಕೆ ಬೆರಳಲ್ಲಿ ತಟ್ಟಿದೆ, ಆರಲಿಲ್ಲ. ನೆಲ ಗುದ್ದಿದೆ, ಆರಲಿಲ್ಲ. ಪಕ್ಕದಲ್ಲಿ ನಿಂತು ಕುಣಿಯಿರಿ ಅಂತ ಆರತಿ ಗಂಡನಿಗೆ ಹೇಳಿದರು. ಸಂಸ್ಕೃತದ ಮೇಷ್ಟ್ರು ಪಂಚೆ ಎತ್ತಿ ಕಟ್ಟಿ ಉಗ್ರಾಣದ ಮುಂದೆ ಕುಣಿದರು. ಲೈಟು ಹಾಗೇ ಇತ್ತು.

ಅಜ್ಜಿ ಬಾಗಿಲನ್ನು ಎಳೆದು ನೋಡಿದರು. ಯಂತ್ರ ಪೂರಾ ಮರೆಯಾಯಿತು. ಬಾಗಿಲ ಸಂದಿಯಲ್ಲಿ ಮಾತ್ರ ಕೆಂಪಗೆ ಒಂದು ಚುಕ್ಕಿ.

"ಇರಲಿ" ಎಂದರು. "ಬಾಗಿಲ ಹಿಂದೆಯೂ ದೀಪ ಹಚ್ಚಿದ ಹಾಗಾಯ್ತು."

"ಅಂದ್ರೆ ವಾಪಸ್?" ಎಂದು ತಿರುನಾರಾಯಣರನ್ನು ಕೇಳಿದೆ.

"ಯಾರೋ ಕೊಡ್ತಾರೆ ವಾಪಸ್ಸು" ಎಂದರು ಅಜ್ಜಿ, ಮಗ ಬಾಯಿ ತೆರೆಯುವ ಮುಂಚೆ. "ನಿಮ್ಮಪ್ಪನಿಗೆ ಹೇಳು, ಹುಡುಗ ಮಾರಿದ್ದು ನಿಂತಿದೆ ಅಂತ. ಅಲ್ಲ, ಮಲಗಿದೆ ಅಂತ."

ನಾನು ಹೊಟ್ಟೆ ತುಂಬ ನಕ್ಕದ್ದು ಎಷ್ಟು ತಿಂಗಳ ಮೇಲೋ ಗೊತ್ತಿಲ್ಲ. ನಗುವುದಕ್ಕೆ ಬೇಕಾದ ಮಾಂಸಖಂಡಗಳೆಲ್ಲ ನೋಯುತ್ತಿದ್ದವು. ಆರತಿ ಪೊಟ್ಟಣ ಕಟ್ಟಿ ಕೊಟ್ಟ ಪುಳಿಯೋಗರೆ ಹಿಡಿದುಕೊಂಡು ಬಸ್‌ಸ್ಟ್ಯಾಂಡಿನ ತನಕ ಓಡಿಕೊಂಡೇ ಬಂದೆ. ಅಲ್ಲಿನ ಎಸ್‌ಟಿಡಿ ಬೂತಿಗೆ ನುಗ್ಗಿ ಆತ್ರೇಯ ಸಾರ್ ಮನೆಗೆ ಫೋನು ಹಚ್ಚಿದೆ.

"ಸಾ, ರವೀಂದ್ರ. ಮಷೀನ್ ಸರಿಯಾಯ್ತು ಸಾ. ಅವರೇ ಇಟ್ಕತಾರಂತೆ."

"ಹೌದಾ? ಪರವಾಗಿಲ್ವೇ. ಫಾಲ್ಟ್ ಏನಿತ್ತು?"

ಸುಳ್ಳು ಹೇಳಬಹುದಿತ್ತು. ಪಿನ್ನು, ಪಾಯಿಂಟು ಅಂತ ಏನಾದರೂ ಅನ್ನಬಹುದಿತ್ತು. ಆದರೆ ಆವತ್ತಿನ ಸಂತೋಷಕ್ಕೆ ಅಷ್ಟು ಬುದ್ಧಿ ಇರಲಿಲ್ಲ. ಎಲ್ಲ ಇದ್ದದ್ದು ಇದ್ದ ಹಾಗೆ ಹೇಳಿದೆ. ದೀಪ ಹಚ್ಚಿದ್ದು, ಅಜ್ಜಮ್ಮ ಇಳಿಸಿದ್ದು, ಬಾಗಿಲ ಹಿಂದೆ ಮಲಗಿಸಿದ್ದು, ಸ್ಟ್ಯಾಂಡನ್ನೂ ನಾನು ಮಲಗಿಸಿದ್ದು, ಸಿಂಬೆ. ಆ ಕಡೆಯಿಂದ ಸದ್ದೇ ಇಲ್ಲ. ಮುಗಿಯಿತು, ಕಂಪನಿಯ ಸ್ಟ್ಯಾಂಡು ಬಿಚ್ಚಿದ್ದಕ್ಕೆ ಈಗ ಬಯ್ಯುತ್ತಾರೆ ಅಂದುಕೊಂಡೆ.

"ಹಲೋ ಸಾ?"

"ಇದೀನಿ, ಇರು."

ಫೋನಿಗೆ ಕೈ ಅಡ್ಡ ಹಿಡಿದ ಹಾಗಾಯಿತು. ಆದರೂ ದೂರದಲ್ಲಿ ಅವರು ಯಾರನ್ನೋ ಕೇಳುವುದು ಕೇಳಿಸಿತು: "ಶ್ರೀಗೌರೀ, ಕಂಪನಿ ಕೊಟ್ಟ ಆ ಮಷೀನು ಸ್ಟ್ಯಾಂಡಲ್ಲಿದೆಯೇನೇ ಈಗ?" ಅದಕ್ಕೆ ಒಂದು ಹೆಣ್ಣು ದನಿ, ಇದೇನು ಹೊಸದಾಗಿ ಕೇಳುತ್ತೀರಿ ಅನ್ನುವ ಹಾಗೆ: "ದೀಪ ಹಚ್ಚಿ ಎಷ್ಟೊತ್ತಾಯ್ತು? ಬಚ್ಚಲ ಬಾಗಿಲ ಹಿಂದಿದೆ."

ಆತ್ರೇಯ ಸಾರ್ ಮತ್ತೆ ಫೋನಿಗೆ ಬಂದರು. ಕೆಮ್ಮಿದರು. ದನಿ ತುಂಬಾ ತಗ್ಗಿತ್ತು.

"ರವೀಂದ್ರ, ನಾಳೆ ಬೆಳಿಗ್ಗೆ ಆಫೀಸಿಗೆ ಬರೋಕೆ ಮುಂಚೆ ನಮ್ಮನೆ ಕಡೆ ಬಂದು ಹೋಗಪ್ಪಾ."

"ಯಾಕ್ ಸಾ?"

"ನಮ್ಮದೂ ಚಾರ್ಜ್ ಆಗ್ತಿಲ್ಲ ಕಣೋ. ಬಂದಾಗಿನಿಂದ. ಮ್ಯಾನೇಜರ್ ಮನೆಯದೇ ಹಾಗೆ ಅಂದ್ರೆ ನಗ್ತಾರೆ ಅಂತ ಯಾರಿಗೂ ಹೇಳಿರಲಿಲ್ಲ." ಆಮೇಲೆ ಕೇಳಿದರು, "ಆ ಸಿಂಬೆ ಅಂದ್ಯಲ್ಲ, ಅದು ಎಲ್ಲಿ ಸಿಗತ್ತೆ?"